ತೊಳೆದು ಕೊಟ್ಟ ಹದಿನೆಂಟು ಗರ್ಭಕೋಶಗಳು

ತಿ. ನರಸೀಪುರದ ಹೊರಗೆ, ನಂಜನಗೂಡಿನ ರಸ್ತೆಯ ಬದಿಯಲ್ಲಿ, ಹೊಂಗೆ ಮರದ ನೆರಳಿಗೆ ಒಂದು ತಗಡಿನ ಶೆಡ್ಡು. ಬೆಳಿಗ್ಗೆ ಏಳೂವರೆಗೆ ಅಲ್ಲಿ ಇರುತ್ತಿದ್ದವರು ಮೂವರೇ. ಹಂದಿ ಕೊಯ್ಯುವ ಯಜಮಾನರು, ಅವರ ಹೆಂಡತಿ, ಮತ್ತೆ ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಡಬ್ಬ ಹಿಡಿದುಕೊಂಡ ನಾನು. ಯಜಮಾನರನ್ನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ಅಣ್ಣನ ಕೆಲಸ ಶೆಡ್ಡಿನ ಹಿಂದೆ. ಅಕ್ಕ ಮುಂದುಗಡೆ ಬಾಣಲೆ ಇಟ್ಟು, ಅರಿಶಿನ, ಖಾರದ ಪುಡಿ, ಕರಿಬೇವಿನ ಘಮದಲ್ಲಿ ಹಂದಿ ಫ್ರೈ ಮಾಡಿ ಮಾರುತ್ತಿದ್ದರು. ಆದರೆ ಅಕ್ಕನ ಕೈ ಶೆಡ್ಡಿನ ಹಿಂದೆ ಏನು ಮಾಡುತ್ತಿತ್ತು ಎನ್ನುವುದು ನನಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು. ಈ ಬರಹ ಆ ಎಂಟು ತಿಂಗಳು ಮತ್ತು ಆಮೇಲಿನ ಆರು ತಿಂಗಳಿನದು.

ನಾನು ಆಗ ಪಶುವೈದ್ಯ ಕಾಲೇಜಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಹೆಣ್ಣು ಹಂದಿ ಹೆಚ್ಚುಕಡಿಮೆ ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ಇಪ್ಪತ್ತೊಂದು ದಿನಗಳಲ್ಲಿ ಅದರ ಗರ್ಭಕೋಶದ, ಅಂಡನಾಳದ ಒಳಪದರದಲ್ಲಿ ಸಕ್ಕರೆಯ ಜಾತಿಯ ವಸ್ತುಗಳು ಎಲ್ಲಿ ಏರುತ್ತವೆ, ಎಲ್ಲಿ ಇಳಿಯುತ್ತವೆ ಎಂದು ಬಣ್ಣ ಹಾಕಿ ನೋಡುವುದು ನನ್ನ ಪ್ರಬಂಧದ ವಿಷಯ. ಕೇಳಿದವರು ನಗುತ್ತಿದ್ದರು. ಹಂದಿಗೂ ಸಕ್ಕರೆ ಕಾಯಿಲೆಯೇ ಎಂದು ಬಸ್ಸಿನಲ್ಲಿ ಒಬ್ಬರು ಕೇಳಿದ್ದೂ ಉಂಟು. ವಿಷಯ ಮಾತ್ರ ನಗೆಪಾಟಲಿನದಲ್ಲ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ಮುಂಚೆ ಕೆಲವು ದಿನ ಒಳಗೇ ತೇಲಾಡಿಕೊಂಡಿರುತ್ತದೆ. ಆಗ ಅದರ ಆಹಾರ ಒಳಪದರದಿಂದ ಒಸರುವ ರಸ, ಲೋಳೆ. ಆ ಲೋಳೆಯಲ್ಲಿ, ಅದನ್ನು ಒಸರುವ ಜೀವಕೋಶಗಳಲ್ಲಿ ಇರುವ ಸಕ್ಕರೆಯೇ ನನ್ನ ಕೆಲಸ.

ಸಕ್ಕರೆ ಎಂದ ಮೇಲೆ ನೀರು ಅದಕ್ಕೆ ಶತ್ರು. ಅಂಗಾಂಶವನ್ನು ನೀರಿನಲ್ಲಿ ಅದ್ದಿದರೆ ಜೀವಕೋಶ ಕೂಡಿಟ್ಟುಕೊಂಡ ಸಕ್ಕರೆ, ಅಂದರೆ ಗ್ಲೈಕೋಜನ್, ಕರಗಿ ಹೋಗುತ್ತದೆ. ಆದ್ದರಿಂದ ಮಾಮೂಲಿ ಫಾರ್ಮಲಿನ್ ನೀರಿಗೆ ಹಾಕದೆ, ಆಲ್ಕೋಹಾಲಿನಲ್ಲಿ ಪಿಕ್ರಿಕ್ ಆಮ್ಲ ಬೆರೆಸಿದ ಒಂದು ಹಳದಿ ದ್ರವಕ್ಕೆ ಹಾಕಬೇಕು. ಅದೂ ಪ್ರಾಣ ಹೋದ ಕೆಲವೇ ನಿಮಿಷಗಳಲ್ಲಿ, ತಣ್ಣಗಿಟ್ಟುಕೊಂಡು. ಆ ಹಳದಿ ಎಂಥದೆಂದರೆ ಬೆರಳಿಗೆ ತಾಕಿದರೆ ವಾರ ಬಿಡುವುದಿಲ್ಲ. ಅಲ್ಲಿಂದ ಕಾಲೇಜಿಗೆ ತಂದು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ ಬಣ್ಣ ಹಾಕಿದರೆ ಸಕ್ಕರೆ ಇರುವ ಕಡೆಯೆಲ್ಲ ಗಾಢ ಗುಲಾಬಿ. ಅದರಲ್ಲಿ ಗ್ಲೈಕೋಜನ್ ಯಾವುದು ಎಂದು ಗುರುತಿಸಲು ಬಣ್ಣಕ್ಕೂ ಮುಂಚೆ ಜೋಡಿ ಸ್ಲೈಡಿನ ಮೇಲೆ ಎಂಜಲು ಹಾಕಿ ಅರ್ಧ ಗಂಟೆ ಬಿಡುತ್ತೇವೆ. ಎಂಜಲು ಗ್ಲೈಕೋಜನ್ನನ್ನು ತಿಂದು ಹಾಕುತ್ತದೆ, ಅಷ್ಟು ಗುಲಾಬಿ ಮಾಯವಾಗುತ್ತದೆ. ನಂಜನಗೂಡಿನಲ್ಲಿ ನನ್ನ ಅಜ್ಜಿಗೆ ಇದನ್ನು ಹೇಳಿದಾಗ ಅವರು ಎಲೆ ಅಡಿಕೆ ಮಡಿಸುತ್ತಿದ್ದ ಕೈ ನಿಲ್ಲಿಸಿ, "ಹದಿನೆಂಟು ವರ್ಷ ಓದಿಸಿದ್ದು ಎಂಜಲು ಗಿಂಜಲು ಬಳಿಯೋದಕ್ಕಾ?" ಎಂದಿದ್ದರು.

ಮಾದರಿ ತರುವ ವಾರಗಳಲ್ಲಿ ನಾನು ಇರುತ್ತಿದ್ದುದು ಅಜ್ಜಿಯ ಮನೆಯಲ್ಲೇ. ಈರುಳ್ಳಿ ಬೆಳ್ಳುಳ್ಳಿಗೂ ಲೆಕ್ಕ ಕೇಳುವ ಮನೆ. ನನ್ನ ಡಬ್ಬಕ್ಕೆ ಹಿತ್ತಲ ಬಚ್ಚಲಿನ ಪಕ್ಕ ಜಾಗ, ನನಗೆ ಸ್ನಾನವಾದ ಮೇಲೆ ಒಳಗೆ ಜಾಗ. ಅಜ್ಜಿ ಬೈಯುತ್ತಿದ್ದರು, ಆದರೆ ಬೆಳಗಿನ ಮೊದಲ ಬಸ್ಸಿಗೆ ಹೊರಡುವ ನನಗೆ ಅಷ್ಟು ಹೊತ್ತಿಗೇ ಬಿಸಿ ಉಪ್ಪಿಟ್ಟು ಆಗಿರುತ್ತಿತ್ತು.

ಮಾದರಿಗಳಿಗೆ ನನಗಿದ್ದ ಜಾಗ ಎರಡು. ಒಂದು ಈ ನರಸೀಪುರದ ಶೆಡ್ಡು. ಇನ್ನೊಂದು ದೇವನೂರಿನ ಕಡೆ ಹದಿನೈದು ಬಿಳಿ ಹಂದಿ ಸಾಕಿದ್ದ ಒಬ್ಬ ರೈತರದು. ರೇಷ್ಮೆ ಬಿಟ್ಟು ಹಂದಿಗೆ ಇಳಿದವರು. "ದಾಯಾದಿಗಳು ಮೊದ್ಲು ರೇಷ್ಮೆ ಗೌಡ ಅಂತಿದ್ರು, ಈಗ ಅಂದಿ ಗೌಡ ಅಂತಾರೆ. ಅಂದ್ಕಳ್ಳಿ ಬುಡಿ ಮೇಡಂ, ಗೌಡ ಅನ್ನೋದಂತೂ ಬುಡ್ನಿಲ್ವಲ್ಲ" ಎಂದು ಅವರೇ ನಗುತ್ತಿದ್ದರು. ಯಾವ ಹಂದಿ ಎಂದು ಬೆದೆಗೆ ಬಂತು ಎನ್ನುವುದನ್ನು ಅವರು ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ಮತ್ತೆ ಮತ್ತೆ ಬೆದೆಗೆ ಬಂದೂ ಗಬ್ಬ ನಿಲ್ಲದ ಹಂದಿಯನ್ನು ಮಾಂಸಕ್ಕೆ ಹಾಕುವ ಭಾನುವಾರ ನನಗೆ ಫೋನು. ನಾನು ಅಲ್ಲೇ ನಿಂತು, ಹೊಟ್ಟೆ ಸೀಳಿದ ತಕ್ಷಣ ನನ್ನ ಕತ್ತರಿಯಿಂದಲೇ ತೆಗೆದು ಸೀಸೆಗೆ ಹಾಕುತ್ತಿದ್ದೆ. ಬೆದೆಯ ಹಂತದ ಹನ್ನೆರಡು ಮಾದರಿ ನನಗೆ ಸಿಕ್ಕಿದ್ದು ಹೀಗೆ.

ಬೆದೆ ಕಳೆದ ಮೇಲಿನ ಹಂತದ್ದು ನರಸೀಪುರದ್ದು. ಅಣ್ಣ ಬೆದೆಗೆ ಬಂದ ಹಂದಿಯನ್ನು ಕೊಯ್ಯುತ್ತಿರಲಿಲ್ಲ. ಅದು ಅವರ ತಂದೆಯ ಕಾಲದಿಂದ ಬಂದದ್ದು. ಕಟ್ಟಿ ಹಾಕಿ, ಬೆದೆ ಇಳಿದು ವಾರ ಹತ್ತು ದಿನವಾದ ಮೇಲೆಯೇ ಕತ್ತಿಗೆ. ನನಗೆ ಅದು ಅನುಕೂಲವೆನಿಸಿತು. ಒಂದು ಹಂತ ಒಂದು ಕಡೆಯಿಂದ, ಇನ್ನೊಂದು ಹಂತ ಇನ್ನೊಂದು ಕಡೆಯಿಂದ. ಅಂಡಾಶಯ ನೋಡಿ ಹಂತವನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಬೆದೆ ಕಳೆದದ್ದರಲ್ಲಿ ದ್ರಾಕ್ಷಿಗೊಂಚಲಿನ ಹಾಗೆ ಮಾಂಸದ ಬಣ್ಣದ ಗಂಟುಗಳು ಎದ್ದಿರುತ್ತವೆ, ತಪ್ಪುವ ಹಾಗೇ ಇಲ್ಲ.

ಮೊದಲ ದಿನ ನಾನು ಶೆಡ್ಡಿನ ಹಿಂದಕ್ಕೆ ಹೊರಟಾಗ ಅಕ್ಕ ತಡೆದಿದ್ದರು.

"ಇಲ್ಲಿ ಯಾಕ್ ಬತ್ತೀಯ ಡಾಕ್ಟ್ರವ್ವ, ಬಟ್ಟೆಗೆ ರಕ್ತ ಆರ್ತದೆ. ಮರದ ಕೆಳಗೆ ಕುರ್ಚಿ ಆಕಿವ್ನಿ, ಕೂತ್ಕೊ ಓಗು. ನಾ ತಂದ್ಕೊಡ್ತೀನಿ."

"ಬೇಗ ಬೇಕು ಅಕ್ಕ, ತಡ ಆದ್ರೆ ಕೆಡುತ್ತೆ."

"ಬಿಸಿ ಇರೋವಾಗ್ಲೇ ತತ್ತೀನಿ ಕಣವ್ವ."

ಒಳಗಿನಿಂದ ಅಣ್ಣನ ದನಿ. "ಎಲ್ರೂ ಮಾಂಸ ಕೇಳ್ತಾರೆ, ಮೇಡಮ್ಮೋರು ಬಿಸಾಕೋದ ಕೇಳ್ತಾರೆ. ನಮ್ಮಪ್ಪ ನನ್ನ ಇಸ್ಕೂಲಿಗೆ ಕಳಿಸ್ದೇ ಇದ್ದದ್ದೇ ಒಳ್ಳೇದಾಯ್ತು."

ಮಾತಿಗೆ ತಪ್ಪಲಿಲ್ಲ. ಹತ್ತು ನಿಮಿಷದೊಳಗೆ ಅಕ್ಕ ಎರಡೂ ಕೈಯಲ್ಲಿ ತಟ್ಟೆ ಹಿಡಿದು ತರುತ್ತಿದ್ದರು. ನಾನು ಮರದ ಕೆಳಗೆ ಸೀಸೆಗಳಿಗೆ ಚೀಟಿ ಅಂಟಿಸಿಕೊಂಡು ಕೂತಿರುತ್ತಿದ್ದೆ. ಗಡಿಯಾರ ನೋಡಿ "ಹತ್ತು ನಿಮಿಷ" ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಆ ಹತ್ತು ನಿಮಿಷದಲ್ಲಿ ಏನಾಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ತಪ್ಪು ನನ್ನದೇ. ಮಾದರಿ ತೆಗೆಯುವವರ ಕಣ್ಣು ಅಂಗದ ಮೇಲಿಂದ ಕದಲಬಾರದು ಎನ್ನುವುದು ಮೊದಲ ಪಾಠ. ಕುರ್ಚಿ, ನೆರಳು, ಲೋಟದಲ್ಲಿ ಟೀ ಸಿಕ್ಕಿದ್ದರಲ್ಲಿ ಆ ಪಾಠ ಮರೆತಿದ್ದೆ.

ಹದಿನೆಂಟು ಮಾದರಿಯಾದವು. ಸ್ಲೈಡುಗಳನ್ನು ನೋಡಿ ನಾನೂ ನನ್ನ ಗೈಡ್ ಸರ್ ಕೂಡ ಬೆರಗಾದೆವು. ಬೆದೆಯ ಹಂತದ ಹನ್ನೆರಡರಲ್ಲೂ ಒಳಪದರದ ಅಂಚಿಗೆ ಗುಲಾಬಿ ಜರಿ ಹಾಕಿದ ಹಾಗಿದೆ. ಬೆದೆ ಕಳೆದ ಹದಿನೆಂಟರಲ್ಲಿ ಅಂಚು ಖಾಲಿ. ಬರೀ ಖಾಲಿಯಲ್ಲ, ಗುಡಿಸಿಟ್ಟ ಅಂಗಳದ ಹಾಗೆ ಖಾಲಿ. ಅಲ್ಲಲ್ಲಿ ಮೇಲ್ಪದರದ ಜೀವಕೋಶಗಳೇ ಕಿತ್ತು ಹೋಗಿದ್ದವು. ಅದು ನಾನು ಹೆರೆಯುವಾಗ ಆದ ಗಾಯವೆಂದುಕೊಂಡು ಮೈಕ್ರೋಟೋಮ್ ಯಂತ್ರದ ಅಲಗು ಬದಲಾಯಿಸಿದೆ. ಪುಸ್ತಕಗಳಲ್ಲಿ ಇಷ್ಟು ಪೂರ್ತಿ ಮಾಯವಾಗುತ್ತದೆ ಎಂದಿರಲಿಲ್ಲ.

"ನಮ್ಮ ಹಂದಿಗಳಲ್ಲೇ ಬೇರೆ ಇರಬಹುದು. ಇದು ಹೊಸತು ಕಣಮ್ಮ" ಎಂದರು ಸರ್. ಸಮ್ಮೇಳನವೊಂದಕ್ಕೆ ಇಬ್ಬರ ಹೆಸರಿನಲ್ಲಿ ಸಾರಾಂಶ ಕಳಿಸಿದೆವು. ಪ್ರಬಂಧ ಸಲ್ಲಿಸಲು ಇನ್ನು ಎರಡೇ ತಿಂಗಳು ಇತ್ತು.

ಹದಿನೆಂಟರ ಮೇಲೆ ಇನ್ನೆರಡು ಇರಲಿ ಎಂದು ಹೋಗಿ ಮೊದಲನೆಯದನ್ನು ತಂದಿದ್ದ ವಾರ, ಅಜ್ಜಿಯ ಮನೆಯ ಹಿತ್ತಿಲ ಕಲ್ಲಿನ ಮೇಲೆ ಯಾವಾಗಲೂ ಹಾಸ್ಟೆಲಿನ ಧೋಬಿಗೆ ಹಾಕುತ್ತಿದ್ದ ಬಿಳಿ ಏಪ್ರನ್ನನ್ನು ಮೊದಲ ಸಲ ನಾನೇ ಒಗೆಯುತ್ತಿದ್ದೆ. ಬೆಳಗಿನ ಬಿಸಿಲು. ಅಜ್ಜಿ ಮೆಟ್ಟಿಲ ಮೇಲೆ ಎಲೆ ಅಡಿಕೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ತೋಳಿನ ಹಳದಿ ಕಲೆಗೆ ಬಾರ್ ಸೋಪು ಉಜ್ಜಿದೆ.

"ಅದೇನೇ ಅದು, ರಕ್ತವಾ?"

ನೋಡಿದರೆ ಕಲೆ ಕೆಂಪಗಾಗಿದೆ.

"ಇಲ್ಲ ಅಜ್ಜಿ, ಕೆಮಿಕಲ್. ಪಿಕ್ರಿಕ್ ಆಸಿಡ್ ಅಂತ."

"ಪಿಕ್ಕೂ ಇಲ್ಲ ಗಿಕ್ಕೂ ಇಲ್ಲ. ಅರಿಶಿನ ಕಣೇ ಅದು. ಸೋಪು ಬಿದ್ದರೆ ಕೆಂಪಾಗೋದು ಇನ್ಯಾವುದು? ಯಾರ ಮನೆ ಮದುವೇಲಿ ಉಂಡು ತೋಳಿಗೆ ಒರೆಸಿಕೊಂಡು ಬಂದೆ?"

"ಅರಿಶಿನ ಎಲ್ಲಿಂದ ಬರುತ್ತೆ ಅಜ್ಜಿ?"

"ನನ್ನ ಕೇಳಿದರೆ? ತಾ ಇಲ್ಲಿ."

ಹಂದಿಯ ಏಪ್ರನ್ ಎಂದು ಎಂಟು ತಿಂಗಳು ಮುಟ್ಟದಿದ್ದ ಅಜ್ಜಿ ಅಂದು ತೋಳನ್ನು ಎಳೆದುಕೊಂಡು, ಪೆಟ್ಟಿಗೆಯಿಂದ ಬೆರಳ ತುದಿಗೆ ಸುಣ್ಣ ತೆಗೆದು ಒಂದೊಂದು ಕಲೆಗೂ ಇಟ್ಟರು. ಎದೆಯ ಮೇಲೆ ನನ್ನ ದ್ರವ ಚೆಲ್ಲಿದ್ದ ಕಲೆ ಹಳದಿಯಾಗಿಯೇ ಉಳಿಯಿತು. ತೋಳಿನದು, ಮುಂಗೈ ಅಂಚಿನದು, ತಟ್ಟೆ ಹಿಡಿದುಕೊಳ್ಳುತ್ತಿದ್ದ ಕಡೆಯದು ಆರತಿ ನೀರಿನ ಹಾಗೆ ಕೆಂಪೇರಿತು.

"ಯಾರೋ ಚೆನ್ನಾಗಿ ಮಡಿ ಮಾಡಿ ಕೊಟ್ಟವರೆ ನಿಂಗೆ" ಎಂದು ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ದ್ರವವೂ ಹಳದಿ. ಅದರಲ್ಲಿ ಬಿದ್ದ ಅರಿಶಿನ ಯಾರ ಕಣ್ಣಿಗೆ ಕಂಡೀತು? ಬಾಣಲೆಯ ಘಮದ ಮಧ್ಯೆ ವಾಸನೆಯಾದರೂ ಹೇಗೆ ತಿಳಿದೀತು?

ಮಾರನೆಯ ದಿನ ಎರಡನೆಯದಕ್ಕೆಂದು ಮೊದಲ ಬಸ್ಸಿಗೆ ಹೋಗಿ, ಕುರ್ಚಿಯ ಕಡೆ ತಿರುಗದೆ ನೇರ ಶೆಡ್ಡಿನ ಹಿಂದಕ್ಕೆ ನಡೆದೆ. ಅಕ್ಕ ಕಲ್ಲಿನ ಮೇಲೆ ಕೂತಿದ್ದರು. ಮುಂದೆ ಪ್ಲಾಸ್ಟಿಕ್ ಟಬ್ಬು, ತುಂಬ ಅರಿಶಿನದ ನೀರು. ಬೋಟಿ ತೊಳೆಯುವ ಹಾಗೆ ಗರ್ಭಕೋಶದ ಒಂದು ತುದಿಗೆ ಚೊಂಬಿನಿಂದ ನೀರು ಹೊಯ್ದು, ಎರಡು ಬೆರಳ ಮಧ್ಯೆ ಸಿಕ್ಕಿಸಿ ಉದ್ದಕ್ಕೂ ಹಿಂಡುತ್ತಿದ್ದರು. ಇನ್ನೊಂದು ತುದಿಯಿಂದ ಲೋಳೆ ಹಗ್ಗದ ಹಾಗೆ ಜಾರಿ ಚರಂಡಿಗೆ ಬೀಳುತ್ತಿತ್ತು.

"ಅಕ್ಕ, ಏನ್ ಮಾಡ್ತಿದ್ದೀರಾ?"

"ಅಯ್ಯೋ, ಯಾಕವ್ವ ಇಲ್ಲಿಗಂಟ ಬಂದೆ? ಆಯ್ತು, ಇನ್ನೊಂದು ಸಲ ಇಂಡಿದ್ರೆ ಆಯ್ತು. ಒಂಚೂರೂ ಲೋಳೆ ಇರಕ್ಕಿಲ್ಲ ನೋಡು."

"ಪ್ರತಿ ಸಲವೂ ಹೀಗೇ ಮಾಡಿದ್ದೀರಾ?"

"ಮಾಡ್ದೇ? ಓದೋ ಎಣ್ಮಗಳು, ಶಿವಾಚಾರದ ಮನೇವ್ಳು. ನಿನ್ ಕೈಗೆ ಅಂಗೇ ಕೊಡಕ್ಕಾದದಾ? ಅದೂ ಬಸಿರಿನ ಚೀಲ. ಮದುವೆಯಾಗ್ದಿರೋ ಎಣ್ಣಿನ ಕೈಗೆ ಅರಿಸಿನ ಮುಟ್ಟಿಸ್ದೆ ಕೊಡಬಾರ್ದು ಅಂತ ನಮ್ಮತ್ತೆ ಏಳವ್ರೆ."

ಬೆದೆ ಕಳೆದ ಮೇಲೆ ಸಕ್ಕರೆಯನ್ನು ಮಾಯ ಮಾಡಿದ್ದು ಹಂದಿಯ ಮೈಯಲ್ಲ, ಅಕ್ಕನ ಎರಡು ಬೆರಳು. ಕಿತ್ತು ಹೋದ ಮೇಲ್ಪದರವೂ ಅದೇ ಬೆರಳಿನದು. ಬೆದೆ ಕಳೆದದ್ದರಲ್ಲಿ ಒಂದೆರಡನ್ನು ದೇವನೂರಿನಿಂದಲೂ ತಂದಿದ್ದರೆ ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು. ಅನುಕೂಲವೆಂದುಕೊಂಡಿದ್ದೇ ಕಣ್ಣು ಕಟ್ಟಿತ್ತು.

"ತೊಳೆಯಬಾರದಿತ್ತು ಅಕ್ಕ" ಎಂದಷ್ಟೇ ಅಂದೆ. ಅವರ ಮುಖ ಸಪ್ಪಗಾಯಿತು. "ನಾ ಸುದ್ದ ಮಾಡಿ ಕೊಟ್ಟದ್ದೇ ತಪ್ಪಾಯ್ತಾ?" ಎಂದು ಕೈ ತೊಳೆದುಕೊಂಡು ಬಾಣಲೆಯ ಕಡೆ ಹೋದರು.

ಗೈಡ್ ಸರ್ ಎಲ್ಲ ಕೇಳಿಸಿಕೊಂಡು ಸಾರಾಂಶದ ಪ್ರತಿಯನ್ನು ಮೇಜಿನ ಮೇಲೆ ತೆಗೆದಿಟ್ಟರು. ಆಮೇಲೆ ಎದುರಿಗೆ ಎರಡು ದಾರಿ ಇಟ್ಟರು. "ಅಂಗಾಂಶಗಳನ್ನು ತೊಳೆದು ಸಂಗ್ರಹಿಸಲಾಯಿತು ಅಂತ ವಿಧಾನದ ಅಧ್ಯಾಯದಲ್ಲಿ ಒಂದು ಸಾಲು ಹಾಕಿದರೆ ಸುಳ್ಳೇನಲ್ಲ. ಪರೀಕ್ಷಕರು ಕೇಳಲಿಕ್ಕಿಲ್ಲ. ಇಲ್ಲವೋ, ಹದಿನೆಂಟನ್ನೂ ಮತ್ತೆ ತರಬೇಕು. ಈ ಸೆಮಿಸ್ಟರ್ ತಪ್ಪುತ್ತೆ, ನಿನ್ನ ಜೊತೆಯವರೆಲ್ಲ ಹೋಗ್ತಾರೆ. ಪ್ರಬಂಧ ನಿನ್ನದು, ನೀನು ಹೇಳು."

ನಾನು ಲ್ಯಾಬಿಗೆ ಹೋಗಿ ಹದಿನೆಂಟರಲ್ಲೊಂದು ಸ್ಲೈಡನ್ನು ಮತ್ತೆ ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಒಂದು ದಿನದ ಹಿಂದೆ ಅದು ಹೊಸ ಸಂಗತಿಯಾಗಿತ್ತು. ಈಗ ನೋಡಿದರೆ ಖಾಲಿ ಅಂಚಿನ ಉದ್ದಕ್ಕೂ ಬೆರಳಿನಿಂದ ಹಿಂಡಿದ ಗುರುತೇ ಕಾಣುತ್ತಿತ್ತು, ಬೇರೇನೂ ಕಾಣಲೊಲ್ಲದು. ಆ ಒಂದು ಸಾಲು ನಾನು ಬರೆಯಬಹುದಿತ್ತು. ಆದರೆ ನಾಳೆ ಇನ್ನಾರೋ ಅದನ್ನು ನಂಬಿ, ಬೆದೆ ಕಳೆದ ಮೇಲೆ ಭ್ರೂಣಕ್ಕೆ ಅಲ್ಲಿ ಆಹಾರವೇ ಇಲ್ಲ ಎಂದುಕೊಂಡು ಲೆಕ್ಕ ಹಾಕುತ್ತಾರೆ. ದೇವನೂರಿನ ಗೌಡರ ಗಬ್ಬ ನಿಲ್ಲದ ಹಂದಿಗಳಿಗೆ ಅದೇ ಕಾರಣ ಎಂದು ಹೇಳುವವರೂ ಇರುತ್ತಾರೆ. ಸಂಜೆ ಸರ್ ಹತ್ತಿರ ಹೋಗಿ, "ಮತ್ತೆ ತರ್ತೀನಿ ಸರ್" ಎಂದೆ. ಅವರು ಸಮ್ಮೇಳನದವರಿಗೆ ಬರೆದು ಸಾರಾಂಶ ವಾಪಸು ತೆಗೆದುಕೊಂಡರು. ಕಾರಣದ ಜಾಗದಲ್ಲಿ ಏನು ಬರೆದರೋ ನಾನು ಕೇಳಲಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಅಕ್ಕ ಹಾಗೇ ಕೊಡಲು ಒಪ್ಪಲಿಲ್ಲ.

"ಬೇರೆ ಕಡೆ ತಕ್ಕೊ ಓಗವ್ವ. ನಂಗೆ ಅಂಗೆ ಕೊಡಕ್ಕೆ ಕೈ ಬರಕ್ಕಿಲ್ಲ."

ಅಣ್ಣ ಕತ್ತಿ ಮಸೆಯುತ್ತಾ, "ಕೊಡೇ ಅತ್ಲಾಗೆ. ಅವ್ರು ಕೇಳದ್ದ ಕೊಡೋದು ಬುಟ್ಟು ಇವ್ಳೊಬ್ಳು ಪೂಜಾರಮ್ಮ" ಎಂದರು.

"ನೀ ಸುಮ್ಕಿರು. ನಾಳೆ ಆ ಮಗೀಗೆ ಏನಾರ ಆದ್ರೆ ನೀ ಬತ್ತೀಯಾ?"

ನಾನು ಕಾರ್ಬೋಹೈಡ್ರೇಟ್ ಎಂದೆ, ಗ್ಲೈಕೋಜನ್ ಎಂದೆ, ಪರೀಕ್ಷೆ ಎಂದೆ. ಎರಡು ಭೇಟಿ ಹೀಗೇ ವ್ಯರ್ಥವಾಯಿತು. ಮೂರನೆಯ ಸಲ ಪುಸ್ತಕದ ಮಾತು ಬಿಟ್ಟೆ. ಬಾಣಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೇಳಿದೆ. "ಅಕ್ಕ, ನೀವು ಹಿಂಡಿ ತೆಗೀತೀರಲ್ಲ ಲೋಳೆ, ಅದು ಹೊಲಸಲ್ಲ. ಮರಿ ಚೀಲದ ಗೋಡೆ ಹಿಡಿಯೋ ಮುಂಚೆ ಬಿಲ್ಲೆಗಿಂತ ಚಿಕ್ಕದಾಗಿ ಒಳಗೆ ಓಡಾಡ್ಕೊಂಡಿರುತ್ತೆ. ಆಗ ಅದಕ್ಕೆ ಯಾರು ಉಣಿಸ್ತಾರೆ? ಆ ಲೋಳೆಯೇ ಅದರ ಊಟ. ಅದರಲ್ಲಿ ಎಷ್ಟು ಸಕ್ಕರೆ ಇದೆ ಅಂತ ನೋಡೋದೇ ನನ್ನ ಕೆಲಸ."

ಅಕ್ಕ ಸೌಟು ಆಡಿಸುವುದು ನಿಲ್ಲಿಸಿದರು.

"ಮರಿ ಊಟವಾ ಅದು?"

"ಹೂಂ."

"ಅದ್ನ ನಾನು ಚರಂಡಿಗೆ ಬುಟ್ನಾ? ಮೊದ್ಲೇ ಏಳಕ್ಕೆ ನಿಂಗೇನಾಗಿತ್ತು? ಇಷ್ಟು ದಿನ ಕಾರ್ಬನ್ನು ಗೀರ್ಬನ್ನು ಅಂತ ಬಡ್ಕೊಂಡ್ಯಲ್ಲ."

ಆದರೂ ಅತ್ತೆಯ ಮಾತು ಅತ್ತೆಯ ಮಾತೇ. ಕೊನೆಗೆ ಅಕ್ಕನೇ ದಾರಿ ಕಂಡುಹಿಡಿದರು. ಚೀಲಕ್ಕೆ ಅರಿಶಿನ ಬೇಡ, ನನ್ನ ಥರ್ಮಾಕೋಲ್ ಡಬ್ಬದ ಮುಚ್ಚಳಕ್ಕೆ ಒಂದು ಬೊಟ್ಟು. ಮುಟ್ಟಿಸಿದ ಹಾಗೂ ಆಯಿತು, ಮಾದರಿ ಕೆಟ್ಟ ಹಾಗೂ ಆಗಲಿಲ್ಲ. ಅಂದಿನಿಂದ ನಾನು ಹಿಂದುಗಡೆ ಅಣ್ಣನ ಪಕ್ಕದಲ್ಲೇ ನಿಂತು ನನ್ನ ಕತ್ತರಿಯಿಂದ ತೆಗೆಯುತ್ತಿದ್ದೆ. ಅಕ್ಕ ಮುಚ್ಚಳಕ್ಕೆ ಬೊಟ್ಟಿಟ್ಟು, "ಈಗ ಆಕ್ಕೊ" ಎನ್ನುತ್ತಿದ್ದರು.

ಮತ್ತೆ ಹದಿನೆಂಟಾಗಲು ಆರು ತಿಂಗಳು ಹಿಡಿಯಿತು. ನಾಲ್ಕು ಹಂದಿ ಗಬ್ಬವಾಗಿದ್ದವೆಂದು ಕೈಬಿಟ್ಟೆ. ಒಂದು ಸಲ ದಾರಿಯಲ್ಲಿ ಬಸ್ಸು ಕೆಟ್ಟು, ಮಂಜು ಕರಗಿ, ಮಾದರಿ ಕೆಟ್ಟಿತು. ಈ ಸಲ ಜಾಗ ಬೆರೆಸಿದೆ. ಬೆದೆ ಕಳೆದ ಐದು ಮಾದರಿಯನ್ನು ಗೌಡರ ಬಾಗಿಲಿನ ಸೀಮೆಸುಣ್ಣದ ಲೆಕ್ಕ ಹಿಡಿದು ಅಲ್ಲಿಂದಲೇ ತಂದೆ. ಜೊತೆಯವರು ಹಾಸ್ಟೆಲ್ ಖಾಲಿ ಮಾಡಿ ಹೋದ ಮೇಲೆ ಲ್ಯಾಬಿನಲ್ಲಿ ನಾನೂ ಮೇಣ ಕಾಯಿಸುವ ಒಲೆಯೂ ಇಬ್ಬರೇ.

ಬಣ್ಣ ಹಾಕಿದ ದಿನ ಸರ್ ಪಕ್ಕದಲ್ಲಿ ನಿಂತಿದ್ದರು. ಅಂಚಿನಲ್ಲಿ ಗುಲಾಬಿ ಇತ್ತು. ಬೆದೆಯ ದಿನಗಳಷ್ಟು ದಟ್ಟವಾಗಿ ಮೇಲ್ಪದರದಲ್ಲಿಲ್ಲ, ಆದರೆ ಕೆಳಗಿನ ಗ್ರಂಥಿಗಳ ಬಾಯಿ ತುಂಬಿಕೊಂಡು ಒಳಕ್ಕೆ ಒಸರುತ್ತಿತ್ತು. ಸಕ್ಕರೆ ಮಾಯವಾಗಿರಲಿಲ್ಲ, ಜಾಗ ಬದಲಿಸಿತ್ತು. ಹೆಚ್ಚುಕಡಿಮೆ ಪುಸ್ತಕಗಳಲ್ಲಿ ಇದ್ದದ್ದೇ. "ಹೊಸದೇನಿಲ್ಲ" ಎಂದರು ಸರ್. ಸ್ಲೈಡಿನಿಂದ ಕಣ್ಣು ತೆಗೆಯದೆ, "ಆದರೆ ಇದು ಹಂದಿಯದು" ಎಂದರು. ಹಳೆಯ ಹದಿನೆಂಟು ಮೇಣದ ತುಂಡುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕರಗಿಸಿದೆ. ಪ್ರಬಂಧ ಸಲ್ಲಿಸಿದೆ, ಪಾಸಾಯಿತು.

ಅದಾದ ಮೇಲೆ ಒಂದು ಭಾನುವಾರ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕವೊಂದನ್ನು ಕೇಳಿ ಪಡೆದು ನರಸೀಪುರಕ್ಕೆ ಒಯ್ದೆ. ಹೊಂಗೆ ಮರದ ಕೆಳಗೆ, ನಾನು ಕೂರುತ್ತಿದ್ದ ಅದೇ ಕುರ್ಚಿಯ ಮೇಲೆ ಇಟ್ಟು ಅಕ್ಕನಿಗೆ ತೋರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಸೆರಗಿನಿಂದ ಮುಚ್ಚಿಕೊಂಡು ನೋಡಿದರು. ಅಣ್ಣ ಹಿಂದಿನಿಂದ, "ಏನ್ ಕಾಣ್ತದೆ? ಸಿನಿಮಾವಾ?" ಎಂದರು. ಅಕ್ಕ ಜಾಗ ಬಿಟ್ಟುಕೊಡಲಿಲ್ಲ.

ಈಗ ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಕಾಲೇಜಿನ ಒಬ್ಬ ಹೊಸ ವಿದ್ಯಾರ್ಥಿನಿ ಅದೇ ಶೆಡ್ಡಿಗೆ ಮೊದಲ ಸಲ ಹೋಗಿದ್ದಳು. ನಾನೇ ದಾರಿ ಹೇಳಿ ಕಳಿಸಿದ್ದೆ, ಅರಿಶಿನದ ವಿಷಯ ಮಾತ್ರ ಹೇಳಿರಲಿಲ್ಲ. ಮಧ್ಯಾಹ್ನ ಅವಳ ಫೋನು ಬಂತು. ಕೈಗೆ ರಕ್ತ, ಲೋಳೆ ಮೆತ್ತಿತೆಂದು ಹೇಸಿ, ಗರ್ಭಕೋಶವನ್ನು ನಲ್ಲಿಯ ಕೆಳಗೆ ಹಿಡಿಯಲು ಹೋದಳಂತೆ. ಬಾಣಲೆಯ ಮುಂದಿದ್ದ ಹೆಂಗಸು ಸೌಟು ಹಿಡಿದುಕೊಂಡೇ ಓಡಿ ಬಂದು ನಲ್ಲಿ ನಿಲ್ಲಿಸಿದರಂತೆ. ಆಮೇಲೆ ಅವಳ ಡಬ್ಬದ ಮುಚ್ಚಳಕ್ಕೆ ಹಳದಿ ಬೊಟ್ಟೊಂದನ್ನು ಇಟ್ಟರಂತೆ.

"ಬೈದರಾ?" ಎಂದು ಕೇಳಿದೆ.

"ಇಲ್ಲ ಮೇಡಂ. 'ತೊಳೀಬ್ಯಾಡ ಕಣವ್ವ, ಅದು ಮರಿ ಊಟ' ಅಂದರು."